ಶಾಲೆ ಬಿಟ್ಮೇಲೆ ಅಮ್ಮ ಮನೆಗೆ ಬರೋ ತನಕ: ಒತ್ತೊತ್ತು ಏರಿಯಾಗಳಲ್ಲಿ ಮಕ್ಕಳಿಗೆ ಯಾರಾದ್ರೂ ಕಾಟ ಕೊಡ್ತಿದ್ರೆ ಏನ್ ಮಾಡ್ಬೇಕು

ಬೆಂಗಳೂರಲ್ಲಿ ಲಗ್ಗೆರೆ, ಕಾಮಾಕ್ಷಿಪಾಳ್ಯ, ಶ್ರೀರಾಮಪುರ, ನೀಲಸಂದ್ರ, ಬೊಮ್ಮನಹಳ್ಳಿ ಕಡೆ ಬಾಡಿಗೆಗೆ ಇದ್ದೋರಿಗೆ ಇದನ್ನ ಬಿಡಿಸಿ ಹೇಳೋದೇ ಬೇಡ. ಇಪ್ಪತ್ತು ಮೂವತ್ತರ ಸೈಟಲ್ಲಿ ನಾಲ್ಕು ಮಹಡಿ ಎದ್ದಿರತ್ತೆ, ಮಹಡಿಗೆರಡು ಮನೆ, ಒಂದು ಕ್ರಾಸಲ್ಲೇ ಅಷ್ಟೊಂದು ಮಕ್ಕಳು, ಆಡಕ್ಕೆ ರೋಡು ಬಿಟ್ರೆ ಬೇರೆ ಜಾಗ ಇಲ್ಲ. ಇಂಥ ಕಡೆ ಸ್ಕೂಲಲ್ಲಿ ನಿಮ್ಮ ಮಗನಿಗೆ ಕಾಟ ಕೊಡೋ ಹುಡುಗ ಎಲ್ಲೋ ದೂರದವನಲ್ಲ, ಅದೇ ಬಿಲ್ಡಿಂಗಲ್ಲಿ ಮೇಲ್ಗಡೆ ಮನೇಲಿರ್ತಾನೆ, ಅವನಮ್ಮ ನಿಮ್ಮ ಜೊತೇಲೇ ಗಾರ್ಮೆಂಟ್ಸಿಗೆ ಹೋಗ್ತಿರ್ತಾಳೆ, ನೀರಿನ ಟ್ಯಾಂಕರ್ ಬಂದಾಗ ಇಬ್ಬರೂ ಒಂದೇ ಪೈಪಿಗೆ ಬಿಂದಿಗೆ ಹಿಡೀತಿರ್ತೀರ. ಬೆಲ್ ಹೊಡೆದ ತಕ್ಷಣ ಕಾಟ ಮುಗಿಯಲ್ಲ, ಅದು ಮಗು ಜೊತೆಗೇ ಮನೆ ಮೆಟ್ಟಿಲ ತನಕ ಬರತ್ತೆ.

ಅದಕ್ಕೇ "ಸ್ಕೂಲ್ ಚೇಂಜ್ ಮಾಡಿಬಿಡಿ" ಅನ್ನೋ ಸಲಹೆ ಇಲ್ಲಿ ಅಷ್ಟಾಗಿ ಕೆಲಸಕ್ಕೆ ಬರಲ್ಲ. ಸ್ಕೂಲ್ ಬದಲಾದ್ರೂ ಕ್ರಾಸ್ ಅದೇ ತಾನೇ. ನಾನು ಹೇಳೋದು ಇಷ್ಟೆ, ಯಾರು ಕಾಟ ಕೊಟ್ಟ ಅನ್ನೋದರ ಹಿಂದೆ ಬೀಳೋಕ್ಕಿಂತ ಎಲ್ಲಿ ಕೊಟ್ಟ, ಎಷ್ಟೊತ್ತಿಗೆ ಕೊಟ್ಟ ಅನ್ನೋದನ್ನ ಹಿಡೀರಿ. ಹುಡುಗನ್ನ ಬದಲಾಯಿಸೋಕೆ ವರ್ಷ ಬೇಕಾಗತ್ತೆ, ಒಂದು ಜಾಗದಲ್ಲಿ ದೊಡ್ಡೋರು ಯಾರಾದ್ರೂ ನಿಲ್ಲೋ ಹಾಗೆ ಮಾಡೋಕೆ ಒಂದು ವಾರ ಸಾಕು.

ಮೊದಲ ಹೆಜ್ಜೆ: ಮಗು ಬಾಯಿ ಬಿಡ್ಬೇಕು

ಮಕ್ಕಳು ನೇರವಾಗಿ ಬಂದು "ನಂಗೆ ಹೊಡೀತಾರೆ" ಅಂತ ಹೇಳೋದು ಕಮ್ಮಿ. ಟಿಫನ್ ಬಾಕ್ಸ್ ಖಾಲಿ ಇರತ್ತೆ, ಆದ್ರೆ ಮನೆಗೆ ಬಂದ ತಕ್ಷಣ ವಾರದಿಂದ ಊಟ ಕಾಣದೋರ ಥರ ತಿಂತಾರೆ, ಅಂದ್ರೆ ಬಾಕ್ಸ್ ಖಾಲಿ ಮಾಡಿದ್ದು ಬೇರೆಯೋರು. ಜಾಮಿಟ್ರಿ ಬಾಕ್ಸು, ಪೆನ್ನು ಪದೇ ಪದೇ ಕಳೆದುಹೋಗತ್ತೆ. ಸ್ಕೂಲಿಂದ ಬಂದೋರು ಬ್ಯಾಗೂ ಇಳಿಸದೆ ಬಾತ್‌ರೂಮಿಗೆ ಓಡ್ತಾರೆ, ಇದನ್ನ ತುಂಬಾ ಜನ ಗಮನಿಸೋದೇ ಇಲ್ಲ, ಇಡೀ ದಿನ ತಡ್ಕೊಂಡಿದಾರೆ ಅಂದ್ರೆ ಸ್ಕೂಲ್ ಟಾಯ್ಲೆಟ್ ಗಲೀಜಿರಬಹುದು, ಇಲ್ಲಾ ಅಲ್ಲಿ ಯಾರೋ ಕಾಯ್ತಿರಬಹುದು. ಅಂಗಡಿಗೆ ಹೋಗ್ಬಾ ಅಂದ್ರೆ ನೆಪ ಹೇಳೋದು, ಸುತ್ತಿ ಬಳಸಿ ಬೇರೆ ದಾರೀಲಿ ಬರೋದು, ಸೋಮವಾರ ಬೆಳಗ್ಗೆ ಹೊಟ್ಟೆನೋವು, ಇದ್ದಕ್ಕಿದ್ದ ಹಾಗೆ ತಮ್ಮನಿಗೋ ತಂಗಿಗೋ ಹೊಡೆಯೋದು, ಇವೆಲ್ಲ ಸೂಚನೆಗಳೇ. ಒಂದೇ ಒಂದು ಕಂಡ್ರೆ ಗಾಬರಿ ಬೇಡ, ಎರಡು ಮೂರು ಒಟ್ಟಿಗೆ ಕಂಡ್ರೆ ಕೇಳಲೇಬೇಕು.

ಕೇಳೋದು ಎಲ್ಲಿ? ಒಂದೇ ರೂಮಿನ ಮನೇಲಿ ಅಜ್ಜಿ ಟಿವಿ ನೋಡ್ತಿರ್ತಾರೆ, ಪಕ್ಕದ ಮನೇಲಿ ಕೆಮ್ಮಿದ್ರೂ ಕೇಳತ್ತೆ, ಅಲ್ಲಿ ಯಾವ ಮಗು ಗುಟ್ಟು ಹೇಳತ್ತೆ. ಹಾಲು ತರಕ್ಕೆ ಹೋಗ್ತಾ ಜೊತೆಗೆ ಕರ್ಕೊಂಡು ಹೋಗಿ, ಟೆರೇಸಲ್ಲಿ ಬಟ್ಟೆ ತೆಗೆಯೋವಾಗ ಕರೀರಿ. ಮುಖ ಮುಖ ನೋಡ್ಕೊಂಡು ಕೂತು ವಿಚಾರಣೆ ಮಾಡೋಕ್ಕಿಂತ ನಡೀತಾ ಮಾತಾಡಿದ್ರೆ ಸಲೀಸಾಗಿ ಹೇಳ್ತಾರೆ. "ನಿಂಗೆ ಯಾರಾದ್ರೂ ಹೊಡೀತಾರಾ" ಅಂದ್ರೆ "ಇಲ್ಲ" ಅಂತ ಮುಗಿಸಿಬಿಡ್ತಾರೆ. ಅದರ ಬದಲು "ಇಂಟರ್ವಲ್‌ನಲ್ಲಿ ಎಲ್ಲಿ ನಿಂತಿರ್ತೀಯ ಪುಟ್ಟಾ, ಯಾರ ಜೊತೆ ಊಟಕ್ಕೆ ಕೂತ್ಕೋತೀಯ, ನಿಮ್ಮ ಸ್ಕೂಲಲ್ಲಿ ಯಾವ ಜಾಗ ಕಂಡ್ರೆ ಆಗಲ್ಲ ನಿಂಗೆ" ಅಂತ ಕೇಳಿ.

ಹೇಳಿದ ಮೇಲೆ ಎರಡು ಮಾತು ಮಾತ್ರ ಆಡ್ಬೇಡಿ. ಒಂದು, "ನೀನೇನ್ ಮಾಡ್ದೆ ಮೊದ್ಲು?" ಇನ್ನೊಂದು, "ನೀನೂ ಎರಡು ಬಿಟ್ಟು ಬಾ." ಎರಡನೇದನ್ನ ಅಪ್ಪಂದಿರು ಜಾಸ್ತಿ ಹೇಳ್ತಾರೆ. ಆರನೇ ಕ್ಲಾಸಿನ ಸಣಕಲು ಹುಡುಗ ಒಂಬತ್ತನೇ ಕ್ಲಾಸಿನೋನಿಗೆ ಎರಡು ಬಿಟ್ಟು ಬರೋದು ಹೇಗೆ, ಹೇಳೋರು ಒಂದ್ಸಲ ಯೋಚನೆ ಮಾಡ್ಬೇಕು. ಅವನು ಹೊಡೆದು ಬರಲ್ಲ, ಇನ್ನೊಂದ್ಸಲ ಮನೇಲಿ ಬಾಯಿ ಬಿಡಲ್ಲ, ಅಷ್ಟೇ ಆಗೋದು.

ಎರಡನೇದು: ಒಂದು ನೋಟ್‌ಬುಕ್ ಇಟ್ಕೊಳ್ಳಿ

ಹಳೇ ನೋಟ್‌ಬುಕ್ಕಿನ ಹಿಂದಿನ ಹಾಳೆಗಳು ಸಾಕು. ತಾರೀಖು, ಟೈಮು, ಜಾಗ, ಏನಾಯ್ತು, ಯಾರ್ ನೋಡಿದ್ರು. ಬಟ್ಟೆ ಹರಿದಿದ್ರೆ, ಗಾಯ ಆಗಿದ್ರೆ ಫೋನಲ್ಲಿ ಫೋಟೋ ತೆಗೆದಿಡಿ, ಅದನ್ನ ಸ್ಟೇಟಸ್‌ಗೆ ಹಾಕ್ಬೇಡಿ. ಎರಡು ವಾರ ಬರೆದ್ರೆ ಒಂದು ವಿಷಯ ಎದ್ದು ಕಾಣತ್ತೆ, ಗಲಾಟೆ ಎಲ್ಲೆಲ್ಲೋ ಆಗ್ತಿರಲ್ಲ, ಎರಡೋ ಮೂರೋ ಜಾಗದಲ್ಲಿ, ಅದದೇ ಹೊತ್ತಿಗೆ ಆಗ್ತಿರತ್ತೆ.

ಸಾಮಾನ್ಯವಾಗಿ ಯಾವ ಜಾಗಗಳು ಅಂದ್ರೆ, ಸ್ಕೂಲ್ ಒಳಗೆ ಟಾಯ್ಲೆಟ್ಟು, ಮೆಟ್ಟಿಲ ತಿರುವು, ತಟ್ಟೆ ತೊಳೆಯೋ ನಲ್ಲಿ, ಊಟದ ಸಾಲು. ಊಟದ ಸಾಲಿನ ಬಗ್ಗೆ ಸ್ವಲ್ಪ ಹೇಳ್ಬೇಕು. ಸರ್ಕಾರಿ ಶಾಲೇಲಿ ಮಧ್ಯಾಹ್ನದ ಊಟದ ಜೊತೆ ಮೊಟ್ಟೆ ಕೊಡ್ತಾರೆ, ಮೊಟ್ಟೆ ತಿನ್ನದೋರಿಗೆ ಬಾಳೆಹಣ್ಣು. ಯೋಜನೆ ಒಳ್ಳೇದೇ, ಅದರಲ್ಲಿ ಎರಡು ಮಾತಿಲ್ಲ, ಆದ್ರೆ ಸಾಲು ಎರಡಾದ ಕೂಡ್ಲೆ ಯಾರು ಯಾವ ಕಡೆ ಅಂತ ಮಕ್ಕಳೂ ನೋಡ್ತಾರೆ, ಮನೇಲಿ ದೊಡ್ಡೋರು ಆಡೋ ಮಾತನ್ನೇ ಅಲ್ಲಿ ತಂದು ಆಡ್ತಾರೆ, ಒಬ್ಬನ ಕೈಲಿದ್ದ ಮೊಟ್ಟೆ ಇನ್ನೊಬ್ಬ ಕಿತ್ಕೊಳ್ತಾನೆ, ಇಲ್ಲಾ ಪುಳಿಚಾರು ಅಂತ ರೇಗಿಸ್ತಾನೆ. ಭಾಷೆ ವಿಷಯಾನೂ ಹಾಗೇ. ರಾಯಚೂರು, ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದಿರೋರ ಮಕ್ಕಳು "ಹೌದ್ರೀ" ಅಂದ್ರೆ ಇಡೀ ಕ್ಲಾಸು ನಗತ್ತೆ, ಮನೇಲಿ ತಮಿಳೋ ಉರ್ದುವೋ ಹಿಂದಿಯೋ ಮಾತಾಡೋ ಮಗು ಕನ್ನಡ ಓದುವಾಗ ತಡವರಿಸಿದ್ರೂ ಅದೇ ನಗು. ಕೆಲವು ಸಲ ಆ ನಗು ಶುರು ಮಾಡೋದು ಟೀಚರೇ, ಇದನ್ನೂ ನೋಟ್‌ಬುಕ್ಕಲ್ಲಿ ಬರೀರಿ.

ಸ್ಕೂಲ್ ಹೊರಗಡೆ ಅಂದ್ರೆ ಗೇಟ್ ಮುಂದಿನ ಪಾನಿಪುರಿ ಗಾಡಿ, ಟ್ರಾನ್ಸ್‌ಫಾರ್ಮರ್ ಹಿಂದೆ, ಸಾಲಾಗಿ ನಿಂತಿರೋ ಟೆಂಪೋ ಮಧ್ಯೆ, ಅರ್ಧಕ್ಕೆ ನಿಂತ ಬಿಲ್ಡಿಂಗು, ರಾಜಕಾಲುವೆ ಪಕ್ಕದ ಓಣಿ, ಟ್ಯೂಷನ್ ಮನೆ ಮೆಟ್ಟಿಲು, ಟೆರೇಸ್ ಮೇಲಿನ ಸಿಂಟೆಕ್ಸ್ ಹಿಂದೆ. ಮಗು ಜೊತೆ ಒಂದ್ಸಲ ಆ ದಾರೀಲಿ ಅದೇ ಹೊತ್ತಲ್ಲಿ ನಡೆದು ನೋಡಿ. ಭಾನುವಾರ ಹೋಗಿ ನೋಡಿದ್ರೆ ಏನೂ ಗೊತ್ತಾಗಲ್ಲ.

ಮೂರನೇದು: ನಾಲ್ಕೂಕಾಲಿಂದ ಆರೂವರೆ

ನನ್ನ ಪ್ರಕಾರ ಇಡೀ ವಿಷಯದಲ್ಲಿ ಇದೇ ಮುಖ್ಯ. ಸ್ಕೂಲ್ ಬಿಡೋದು ನಾಲ್ಕು, ನಾಲ್ಕೂವರೆ ಹೊತ್ತಿಗೆ. ಗಾರ್ಮೆಂಟ್ಸ್ ಐದೂವರೆಗೆ ಬಿಟ್ರೂ ಬಸ್ ಹಿಡ್ಕೊಂಡು ತರಕಾರಿ ತಗೊಂಡು ಮನೆ ಸೇರೋವಾಗ ಆರೂವರೆ. ಮಧ್ಯದ ಆ ಎರಡು ಗಂಟೆ ಮಗು ಯಾರ ಕಣ್ಣಲ್ಲಿರತ್ತೆ ಅನ್ನೋದಕ್ಕೆ ಉತ್ತರ ಇಲ್ಲ ಅಂದ್ರೆ ಮೊದ್ಲು ಅದನ್ನ ಹುಡುಕಿ, ಉಳಿದಿದ್ದು ಆಮೇಲೆ.

ಒಬ್ಬೊಬ್ಬರನ್ನೇ ಬಿಡ್ಬೇಡಿ, ಅದೇ ಕ್ರಾಸಿನ ಮೂರ್ನಾಲ್ಕು ಮಕ್ಕಳನ್ನ ಸೇರಿಸಿ, ಒಟ್ಟಿಗೆ ಹೊರಟು ಒಟ್ಟಿಗೆ ಬರ್ಲಿ, ಒಬ್ಬ ರಜ ಹಾಕಿದ್ರೆ ಇನ್ನೊಬ್ಬರಿಗೆ ಗೊತ್ತಿರ್ಲಿ. ದಾರೀಲಿ ಎರಡು "ನಿಲ್ಲೋ ಜಾಗ" ಗೊತ್ತು ಮಾಡಿ. ಇಸ್ತ್ರಿ ಅಂಗಡಿ ಅಣ್ಣ, ಹೂ ಕಟ್ಟೋ ಅಕ್ಕ, ಮೆಡಿಕಲ್ ಸ್ಟೋರು, ಬಾಗಿಲಲ್ಲಿ ಕೂತು ಸೊಪ್ಪು ಬಿಡಿಸೋ ಅಜ್ಜಿ, ಇವರೆಲ್ಲ ಇಡೀ ಸಾಯಂಕಾಲ ಅಲ್ಲೇ ಇರ್ತಾರೆ, ಕ್ಯಾಮೆರಾಗಿಂತ ಚೆನ್ನಾಗಿ ನೋಡ್ತಾರೆ. ಆದ್ರೆ ಮೊದ್ಲೇ ಹೋಗಿ ಕೇಳ್ಬೇಕು, "ಅಣ್ಣಾ, ನಮ್ಮುಡುಗ ಯಾವತ್ತಾದ್ರೂ ಓಡ್ಬಂದು ಇಲ್ಲಿ ನಿಂತ್ರೆ ಸ್ವಲ್ಪ ನಿಲ್ಲಿಸ್ಕೊಳ್ಳಿ, ನಂಗೊಂದು ಫೋನ್ ಮಾಡಿ" ಅಂತ. ಬೇಡ ಅನ್ನೋರು ಅಪರೂಪ. ಜಾಗ ತೆರೆದಿರ್ಬೇಕು, ರೋಡಿಗೆ ಕಾಣ್ಬೇಕು. ಯಾರ ಮನೆ ಒಳಗೂ ಒಬ್ಬನೇ ಹೋಗಿ ಕೂರೋದು ಬೇಡ, ಅವರು ಎಷ್ಟೇ ಗೊತ್ತಿರೋರಾದ್ರೂ. ಮಕ್ಕಳಿಗೆ ಕೆಟ್ಟದ್ದು ಮಾಡೋರು ಬಹಳ ಸಲ ಪರಿಚಯದೋರೇ ಆಗಿರ್ತಾರೆ.

ನಿಮ್ಮ ಫೋನ್ ನಂಬರ್ ಮಗುವಿಗೆ ಬಾಯಿಪಾಠ ಬರ್ಬೇಕು, ಬ್ಯಾಗ್ ಮೇಲೆ ಬರೆದ್ರೆ ಸಾಲದು, ಬ್ಯಾಗನ್ನೇ ಕಿತ್ಕೊಂಡ್ರೆ ಏನ್ ಮಾಡ್ತಾರೆ. "ನಿಮ್ಮಮ್ಮ ಕರ್ಕೊಂಡ್ ಬಾ ಅಂದ್ರು" ಅಂತ ಯಾರಾದ್ರೂ ಬಂದ್ರೆ ಕೇಳಕ್ಕೆ ಒಂದು ಗುಟ್ಟಿನ ಮಾತಿರ್ಲಿ, ಮನೆಯೋರಿಗೆ ಮಾತ್ರ ಗೊತ್ತಿರೋದು. ವ್ಯಾನಲ್ಲೋ ಆಟೋದಲ್ಲೋ ಕಳಿಸೋರು ಯಾರ್ ಯಾರ ಪಕ್ಕ ಕೂರ್ತಾರೆ, ಕೊನೇಗೆ ಇಳಿಯೋ ಮಗು ಯಾವುದು ಅಂತ ಡ್ರೈವರ್ ಹತ್ರ ಕೇಳಿ ಇಟ್ಕೊಳ್ಳಿ. ಚಿಕ್ಕ ಮಕ್ಕಳನ್ನ ಮುಂದೆ ಕೂರ್ಸಿ, ದೊಡ್ಡೋರು ಹಿಂದೆ ಅಂದ್ರೆ ಒಪ್ತಾರೆ.

ನಾಲ್ಕನೇದು: ಸ್ಕೂಲಿಗೆ ಬಾಯಲ್ಲಿ ಹೇಳಿ, ಆಮೇಲೆ ಬರೆದು ಕೊಡಿ

ಮೊದ್ಲು ಕ್ಲಾಸ್ ಟೀಚರ್. ಬೆಳಗ್ಗೆ ಪ್ರೇಯರ್ ಹೊತ್ತಲ್ಲಿ ಹೋಗ್ಬೇಡಿ, ಅವರಿಗೂ ಅರವತ್ತು ಮಕ್ಕಳಿರ್ತಾರೆ, ಸಾಯಂಕಾಲ ಸಿಗಿ. ಒಂದು ವಾರದಲ್ಲಿ ಏನೂ ಆಗ್ಲಿಲ್ಲ ಅಂದ್ರೆ ಎಚ್‌ಎಂ. ಅವರಿಗೆ ಕೊಡೋದು ಬರವಣಿಗೇಲೇ ಇರ್ಬೇಕು, ಎರಡು ಪ್ರತಿ, ಒಂದರ ಮೇಲೆ ಸೀಲು ಸಹಿ ತಾರೀಖು ಹಾಕಿಸ್ಕೊಂಡು ವಾಪಸ್ ತಗೊಳ್ಳಿ. ಸೀಲ್ ಹಾಕಲ್ಲ ಅಂದ್ರೆ ಸ್ಪೀಡ್ ಪೋಸ್ಟಲ್ಲಿ ಕಳಿಸಿ. ಪತ್ರ ಉದ್ದ ಬೇಡ, ಈ ಥರ ಸಾಕು:

"ಮಾನ್ಯ ಮುಖ್ಯ ಶಿಕ್ಷಕರಿಗೆ, ನನ್ನ ಮಗ 6ನೇ ತರಗತಿ 'ಬಿ' ವಿಭಾಗದಲ್ಲಿ ಓದುತ್ತಿದ್ದಾನೆ. ಸುಮಾರು ಮೂರು ವಾರಗಳಿಂದ ಮಧ್ಯಾಹ್ನ ಊಟದ ನಂತರ ನಲ್ಲಿಯ ಹತ್ತಿರ ದೊಡ್ಡ ತರಗತಿಯ ಕೆಲವು ಹುಡುಗರು ಅವನನ್ನು ತಳ್ಳುವುದು, ಹಣ ಕೇಳುವುದು ನಡೆದಿದೆ. ದಿನಾಂಕಗಳನ್ನು ಕೆಳಗೆ ಬರೆದಿದ್ದೇನೆ. ಆ ಸಮಯದಲ್ಲಿ ನಲ್ಲಿಯ ಹತ್ತಿರ ಒಬ್ಬ ಶಿಕ್ಷಕರನ್ನು ನಿಯೋಜಿಸಬೇಕೆಂದೂ, ತೆಗೆದುಕೊಂಡ ಕ್ರಮವನ್ನು ಹತ್ತು ದಿನದೊಳಗೆ ತಿಳಿಸಬೇಕೆಂದೂ ಕೋರುತ್ತೇನೆ."

ಗಮನಿಸಿ, ಇದರಲ್ಲಿ "ಆ ಹುಡುಗನಿಗೆ ಟಿಸಿ ಕೊಟ್ಟು ಕಳಿಸಿ" ಅಂತ ಇಲ್ಲ. ಬೇಕಂತಲೇ ಇಲ್ಲ. ಶಿಕ್ಷಣ ಹಕ್ಕು ಕಾಯ್ದೆ 2009ರ 16ನೇ ಸೆಕ್ಷನ್ ಪ್ರಕಾರ ಎಂಟನೇ ಕ್ಲಾಸಿನ ತನಕ ಮಗುವನ್ನ ಶಾಲೆಯಿಂದ ಹೊರಗೆ ಹಾಕೋ ಹಾಗಿಲ್ಲ, 17ನೇ ಸೆಕ್ಷನ್ ಪ್ರಕಾರ ಹೊಡೆಯೋ ಹಾಗೂ ಇಲ್ಲ, ಮಾನಸಿಕವಾಗಿ ಹಿಂಸೆ ಕೊಡೋ ಹಾಗೂ ಇಲ್ಲ. ಹಾಗಾಗಿ "ಮೇಷ್ಟ್ರೇ, ಅವನಿಗೆ ಎರಡು ಬಿಡಿ" ಅಂತ ಕೇಳೋದೂ ತಪ್ಪು. ಅವರು ಮಾಡೋಕೆ ಆಗೋದನ್ನ ಕೇಳಿ, ನಲ್ಲಿ ಹತ್ರ ಒಬ್ರು ಟೀಚರು, ಇಂಟರ್ವಲ್‌ನಲ್ಲಿ ಚಿಕ್ಕೋರಿಗೆ ದೊಡ್ಡೋರಿಗೆ ಬೇರೆ ಬೇರೆ ಟೈಮು, ಬೆಂಚು ಬದಲು, ಬಿಡೋವಾಗ ಚಿಕ್ಕ ಕ್ಲಾಸುಗಳನ್ನ ಐದ್ ನಿಮಿಷ ಮೊದ್ಲೇ ಬಿಡೋದು. ಇದ್ಯಾವುದಕ್ಕೂ ದುಡ್ಡು ಬೇಡ, ಆರ್ಡರೂ ಬೇಡ.

ಸರ್ಕಾರಿ ಶಾಲೆ ಆದ್ರೆ ಎಸ್‌ಡಿಎಂಸಿ, ಅಂದ್ರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಇರತ್ತೆ, ಅದರಲ್ಲಿ ಪೋಷಕರದ್ದೇ ಮೆಜಾರಿಟಿ, ಎಷ್ಟೋ ಜನಕ್ಕೆ ತಮ್ಮ ಪಕ್ಕದ ಮನೆಯೋರು ಅದರ ಮೆಂಬರು ಅಂತಲೇ ಗೊತ್ತಿರಲ್ಲ. ಮುಂದಿನ ಮೀಟಿಂಗಲ್ಲಿ ಈ ವಿಷಯ ಇಡಿ ಅಂತ ಕೇಳಿ. ಅಲ್ಲೂ ಆಗ್ಲಿಲ್ಲ ಅಂದ್ರೆ ಕ್ಷೇತ್ರ ಶಿಕ್ಷಣಾಧಿಕಾರಿ, ಅಂದ್ರೆ ಬಿಇಒ ಆಫೀಸು, ಅದರ ಮೇಲೆ ಡಿಡಿಪಿಐ, ಅಂದ್ರೆ ಜಿಲ್ಲೆಯ ಶಿಕ್ಷಣ ಇಲಾಖೆ ಉಪನಿರ್ದೇಶಕರು. ಎಲ್ಲೂ ಆಗ್ಲಿಲ್ಲ ಅಂದ್ರೆ ಕರ್ನಾಟಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ. ಪ್ರೈವೇಟ್ ಶಾಲೆಯೋರು "ಇದು ಮಕ್ಕಳಾಟ" ಅಂತ ಸಾಗಹಾಕ್ತಾರೆ, ಅವರ ಮೇಲೂ ಬಿಇಒಗೆ ದೂರು ಕೊಡಬಹುದು. ಸಿಬಿಎಸ್‌ಇ ಶಾಲೆಗಳಿಗೆ ಕಾಟ ತಡೆಯೋಕೆ ಒಂದು ಸಮಿತಿ ಮಾಡಿ ಅಂತ ಮಂಡಳಿ 2015ರಲ್ಲೇ ಸುತ್ತೋಲೆ ಕಳಿಸಿದೆ, ಆ ಸಮಿತೀಲಿ ಯಾರ್ಯಾರಿದಾರೆ ಅಂತ ಒಂದೇ ಒಂದು ಪ್ರಶ್ನೆ ಕೇಳಿ ನೋಡಿ, ಮಾತಿನ ಧಾಟಿ ಬದಲಾಗತ್ತೆ. ಕರ್ನಾಟಕ ಶಿಕ್ಷಣ ಕಾಯ್ದೆ 1983ರಲ್ಲೂ ರ್‍ಯಾಗಿಂಗ್‌ಗೆ ಶಿಕ್ಷೆ ಇದೆ.

ಐದನೇದು: ಆ ಮನೆಯೋರ ಹತ್ರ ಮಾತು

ಇದನ್ನ ನಾನು ಸ್ಕೂಲಿನ ನಂತರ ಇಟ್ಟಿದೀನಿ, ಎಲ್ಲರೂ ಮೊದ್ಲು ಮಾಡೋದು ಇದನ್ನೇ, ಕೆಡೋದೂ ಇಲ್ಲೇ. ರಾತ್ರಿ ಎಂಟು ಗಂಟೆಗೆ ಅಪ್ಪ ಬಂದು, ವಿಷಯ ಕೇಳಿ, ಚಪ್ಪಲಿ ಮೆಟ್ಕೊಂಡು ಸೀದಾ ಅವರ ಮನೆ ಬಾಗಿಲಿಗೆ ಹೋಗಿ ಕೂಗಾಡಿದ್ರೆ ಇಡೀ ಕ್ರಾಸು ಬಾಲ್ಕನಿಗೆ ಬರತ್ತೆ, ಆಮೇಲೆ ಅದು ಮಕ್ಕಳ ಜಗಳ ಆಗಿ ಉಳಿಯಲ್ಲ, ಜಾತಿ, ಭಾಷೆ, ಧರ್ಮ, ಪಾರ್ಕಿಂಗು, ಹಳೇ ಚೀಟಿ ದುಡ್ಡು ಎಲ್ಲ ಸೇರ್ಕೊಳ್ಳತ್ತೆ. ಬೇರೆಯೋರ ಮಗುವಿನ ಮೇಲೆ ನೀವು ಕೈ ಮಾಡಿದ್ರಂತೂ ಕೇಸ್ ಆಗೋದು ನಿಮ್ಮ ಮೇಲೆ.

ಅಮ್ಮಂದಿರು ಮಾತಾಡಿದ್ರೆ ವಾಸಿ, ಬೆಳಗ್ಗೆ ಹೊತ್ತು, ಬೇರೆ ಯಾರೂ ಇಲ್ದಾಗ. "ಅಕ್ಕಾ, ಬೈಯಕ್ಕೆ ಬಂದಿಲ್ಲ, ನಮ್ಮುಡುಗ ನಲ್ಲಿ ಹತ್ರ ಹೋಗಕ್ಕೆ ಹೆದರ್ತಾನೆ, ನಿಮ್ಮೋನಿಗೂ ಗೊತ್ತಿರತ್ತೆ, ಸ್ವಲ್ಪ ಕೇಳಿ ನೋಡಿ" ಅಷ್ಟು ಸಾಕು. ಅವರು ಅಲ್ಲೇ ನಿಮ್ಮ ಮುಂದೆಯೇ ಮಗನಿಗೆ ಬಾರಿಸೋಕೆ ಹೋದ್ರೆ ತಡೀರಿ, ಆ ಏಟು ನಾಳೆ ನಿಮ್ಮ ಮಗನಿಗೇ ವಾಪಸ್ ಬರೋದು. ಆ ಮನೇಲಿ ಕುಡಿತ, ಹೊಡೆತ ಇದೆ ಅಂತ ಗೊತ್ತಿದ್ರೆ ಮನೆಗೆ ಹೋಗೋದೇ ಬೇಡ, ಟೀಚರ್ ಮೂಲಕ ಹೋಗಿ. ಕಾಟ ಕೊಡೋ ಹುಡುಗರಲ್ಲಿ ಎಷ್ಟೋ ಜನ ಮನೇಲಿ ತಿಂದ ಏಟನ್ನೇ ಹೊರಗಡೆ ಹಂಚ್ತಿರ್ತಾರೆ.

ನಿಮ್ಮ ಮಗನೇ ಕಾಟ ಕೊಡೋನು ಅಂತ ಯಾರಾದ್ರೂ ಬಂದು ಹೇಳಿದ್ರೆ? "ನಮ್ಮೋನು ಅಂಥೋನಲ್ಲ" ಅನ್ನೋ ಮುಂಚೆ ಒಂದು ದಿನ ಸುಮ್ನಿದ್ದು ಕೇಳಿ. ಕಿತ್ಕೊಂಡಿದ್ದು ಏನಾದ್ರೂ ಇದ್ರೆ ಅವನ ಕೈಯಲ್ಲೇ ವಾಪಸ್ ಕೊಡಿಸಿ, ಸಾಯಂಕಾಲ ಅವನು ಸುತ್ತೋದು ಯಾರ ಜೊತೆ ಅಂತ ನೋಡಿ, ದೊಡ್ಡ ಹುಡುಗರ ಗ್ಯಾಂಗು ಅವನ್ನ ಮುಂದೆ ಬಿಟ್ಟು ಹಿಂದೆ ನಿಂತಿರೋದೂ ಉಂಟು.

ಆರನೇದು: ಮಗುಗೆ ಏನ್ ಕಲಿಸ್ಬೇಕು

ಕರಾಟೆ ಕ್ಲಾಸಿಗೆ ಸೇರಿಸಿ ಬೇಕಾದ್ರೆ, ಮೈಗೆ ಒಳ್ಳೇದು, ಆದ್ರೆ ಅದೇ ಉತ್ತರ ಅಲ್ಲ. ರೇಗಿಸಿದ್ರೆ ಒಂದೇ ಮಾತು, "ಸಾಕು ಬಿಡೋ" ಅಂತ ಜೋರಾಗಿ ಹೇಳಿ ನಡೆದುಬಿಡೋದು, ವಾದಕ್ಕೆ ನಿಲ್ಲದೇ ಇರೋದು. ಮನೇಲಿ ಎರಡು ಮೂರು ಸಲ ಹೇಳಿಸಿ ನೋಡಿ, ಮೊದ್ಲು ದನಿಯೇ ಬರಲ್ಲ. ದೊಡ್ಡ ಹುಡುಗರು ಸುತ್ತುವರಿದು ದುಡ್ಡು ಕೇಳಿದ್ರೆ ಕೊಟ್ಟುಬಿಡ್ಲಿ, ಹತ್ತು ರೂಪಾಯಿಗೋಸ್ಕರ ತಲೆ ಒಡೆಸ್ಕೊಳ್ಳೋದು ಬೇಡ, ಕೊಟ್ಟು ಸೀದಾ ನಿಲ್ಲೋ ಜಾಗಕ್ಕೆ ಬಂದು ಹೇಳ್ಲಿ. ಓಡೋದಾದ್ರೆ ಮನೆ ಕಡೆಗಲ್ಲ, ಜನ ಇರೋ ಕಡೆಗೆ, ಮನೆ ಬೀಗ ಹಾಕಿರತ್ತಲ್ಲ.

ಟೀಚರ್‌ಗೆ ಹೇಳಿದ್ರೆ ಚಾಡಿಕೋರ ಅಂತಾರೆ ಅನ್ನೋ ಭಯ ಎಲ್ಲ ಮಕ್ಕಳಿಗೂ ಇರತ್ತೆ. ಬೇರೆಯೋನಿಗೆ ಬೈಸಕ್ಕೆ ಹೇಳೋದು ಚಾಡಿ, ಯಾರಿಗೋ ನೋವಾಗ್ತಿರೋದನ್ನ ನಿಲ್ಲಿಸಕ್ಕೆ ಹೇಳೋದು ಚಾಡಿ ಅಲ್ಲ, ಇಷ್ಟು ಬಿಡಿಸಿ ಹೇಳಿ. ನೋಡ್ತಾ ನಿಲ್ಲೋ ಮಕ್ಕಳಿಗೂ ಒಂದು ಕೆಲಸ ಇದೆ, ಮಧ್ಯೆ ಬಿದ್ದು ಹೊಡೆದಾಡೋದಲ್ಲ, "ಬಾರೋ, ಮಿಸ್ ಕರೀತಿದಾರೆ" ಅಂತ ಸುಳ್ಳು ಹೇಳಿ ಅವನ್ನ ಅಲ್ಲಿಂದ ಎಳ್ಕೊಂಡು ಹೋಗೋದು.

ಫೋನಿನ ಕಾಟ

ವಾಟ್ಸಾಪಿಗೂ ಇನ್‌ಸ್ಟಾಗ್ರಾಮಿಗೂ ಕನಿಷ್ಠ ವಯಸ್ಸು 13 ಅಂತ ರೂಲ್ಸಿದೆ, ಆದ್ರೆ ಅಮ್ಮನ ಫೋನಲ್ಲಿ ಐದನೇ ಕ್ಲಾಸಿನೋರೂ ಗ್ರೂಪಲ್ಲಿರ್ತಾರೆ. ಜಗಳದ ವಿಡಿಯೋ ಮಾಡಿ ರೀಲ್ ಹಾಕೋದು, ಒಬ್ಬ ಹುಡುಗಿ ಫೋಟೋಗೆ ಏನೇನೋ ಬರೆದು ಸ್ಟಿಕರ್ ಮಾಡೋದು, ಈಗ ಹೆಚ್ಚಾಗಿ ನಡೀತಿರೋದು ಇವೇ. ಕಂಡ ತಕ್ಷಣ ಡಿಲೀಟ್ ಮಾಡಿಸ್ಬೇಡಿ, ಮೊದ್ಲು ಸ್ಕ್ರೀನ್‌ಶಾಟು, ನಂಬರು, ಟೈಮು ಕಾಣೋ ಹಾಗೆ. ಆದ್ರೆ ಮಗುವಿನ ಬಟ್ಟೆಯಿಲ್ಲದ ಫೋಟೋ ಅಂಥದ್ದಾದ್ರೆ ಅದನ್ನ ಯಾರಿಗೂ ಕಳಿಸ್ಬೇಡಿ, ಸಾಕ್ಷಿಗೆ ಅಂತ ಸ್ಕೂಲ್ ಗ್ರೂಪಿಗಂತೂ ಹಾಕಲೇಬೇಡಿ, ಹಂಚೋದೇ ಅಪರಾಧ ಆಗತ್ತೆ, ಫೋನ್ ತಗೊಂಡು ಸೀದಾ ಪೊಲೀಸ್ ಹತ್ರ ಹೋಗಿ. ಕೇಂದ್ರ ಸರ್ಕಾರದ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ಹೆಂಗಸರು ಮಕ್ಕಳ ದೂರಿಗೆ ಬೇರೆ ವಿಭಾಗಾನೇ ಇದೆ. ಹೇಳಿದ ಮಗುವಿನ ಕೈಯಿಂದ ಫೋನ್ ಕಿತ್ಕೊಳ್ಳೋ ಶಿಕ್ಷೆ ಮಾತ್ರ ಬೇಡ, ಇನ್ನೊಂದ್ಸಲ ಹೇಳಲ್ಲ.

ಯಾವಾಗ 1098, ಯಾವಾಗ ಪೊಲೀಸ್

1098 ಮಕ್ಕಳ ಸಹಾಯವಾಣಿ, ದುಡ್ಡಿಲ್ಲ, 24 ಗಂಟೆ, ಮಕ್ಕಳೇ ಮಾಡಬಹುದು, ಪಕ್ಕದ ಮನೆಯೋರೂ ಮಾಡಬಹುದು. 2023ರಿಂದ ಇದನ್ನ ಸರ್ಕಾರವೇ ನಡೆಸ್ತಿದೆ, ತುರ್ತು ಇದ್ರೆ 112ಕ್ಕೂ ಸಂಪರ್ಕ ಆಗತ್ತೆ. ರಕ್ತ ಬರೋ ಹಾಗೆ ಹೊಡೆತ, ಚಾಕು ಬ್ಲೇಡು, ದಿನಾ ದುಡ್ಡು ವಸೂಲಿ, ಗಾಂಜಾ ಗೀಂಜಾ ಸಾಗಿಸಕ್ಕೆ ಮಕ್ಕಳನ್ನ ಬಳಸೋದು, ಇಲ್ಲೆಲ್ಲ ಸ್ಕೂಲಿನ ಉತ್ತರಕ್ಕೆ ಕಾಯ್ಬೇಡಿ.

ಮುಟ್ಟಬಾರದ ಕಡೆ ಮುಟ್ಟಿದ್ರು ಅಂತ ಮಗು ಹೇಳಿದ್ರೆ ಅದು ಪೋಕ್ಸೊ, ಮಕ್ಕಳನ್ನ ಲೈಂಗಿಕ ದೌರ್ಜನ್ಯದಿಂದ ಕಾಪಾಡೋ 2012ರ ಕಾಯ್ದೆ, ಅಲ್ಲಿ ರಾಜಿ ಪಂಚಾಯ್ತಿ ಇಲ್ಲವೇ ಇಲ್ಲ. ಗೊತ್ತಾದೋರು ಪೊಲೀಸಿಗೆ ತಿಳಿಸಲೇಬೇಕು, ಸ್ಕೂಲಿನೋರು ಮುಚ್ಚಿಟ್ರೆ ಅವರ ಮೇಲೂ ಕೇಸ್. ಮಗುವನ್ನ ಸ್ಟೇಷನ್ನಿಗೆ ಅಲೆಸ್ತಾರೆ ಅನ್ನೋ ಭಯಕ್ಕೆ ಎಷ್ಟೋ ಜನ ಹಿಂದೇಟು ಹಾಕ್ತಾರೆ, ಆದ್ರೆ ಹೇಳಿಕೆಯನ್ನ ಮನೇಲೇ ಇಲ್ಲಾ ಮಗು ಹೇಳಿದ ಜಾಗದಲ್ಲಿ ತಗೋಬೇಕು, ಪೊಲೀಸ್ ಯೂನಿಫಾರಂನಲ್ಲಿ ಬರೋ ಹಾಗಿಲ್ಲ, ಆದಷ್ಟೂ ಮಹಿಳಾ ಅಧಿಕಾರಿಯೇ ಇರ್ಬೇಕು, ರಾತ್ರಿ ಮಗುವನ್ನ ಸ್ಟೇಷನ್ನಲ್ಲಿ ಇಟ್ಕೊಳ್ಳೋ ಹಾಗಿಲ್ಲ, ಇದೆಲ್ಲ ಅದೇ ಕಾಯ್ದೇಲಿದೆ. "ನಮ್ಮ ಲಿಮಿಟ್ ಅಲ್ಲ" ಅಂತ ವಾಪಸ್ ಕಳಿಸೋ ಹಾಗೂ ಇಲ್ಲ, ಯಾವ ಸ್ಟೇಷನ್ನಲ್ಲಾದ್ರೂ ದೂರು ತಗೋಬೇಕು.

ಇನ್ನೊಂದು ಕಡೆಯಿಂದಾನೂ ತಿಳ್ಕೊಳ್ಳಿ, ಕಾಟ ಕೊಟ್ಟೋನಿಗೆ 18 ತುಂಬಿಲ್ಲ ಅಂದ್ರೆ ಬಾಲ ನ್ಯಾಯ ಕಾಯ್ದೆ 2015ರ ಪ್ರಕಾರ ಅವನ್ನ ಲಾಕಪ್ಪಿಗೆ ಹಾಕೋ ಹಾಗಿಲ್ಲ, ಸಣ್ಣಪುಟ್ಟ ಗಲಾಟೆಗೆ ಎಫ್‌ಐಆರ್ ಕೂಡ ಆಗಲ್ಲ. ಪ್ರತಿ ಸ್ಟೇಷನ್ನಲ್ಲೂ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಅಂತ ಒಬ್ಬರು ಇರ್ಬೇಕು, ಅವರನ್ನೇ ಕೇಳಿ ಮಾತಾಡಿ, ಎರಡೂ ಮನೆಯೋರನ್ನ ಕೂರಿಸಿ ಮಾತಾಡ್ಸೋ ದಾರಿ ಅವರಿಗೆ ಗೊತ್ತಿರತ್ತೆ. ಪರಿಚಯದ ಕಾನ್ಸ್‌ಟೇಬಲ್ ಕೈಲಿ ಹುಡುಗನಿಗೆ ಎರಡು ಬಿಡಿಸಿ "ಸೆಟಲ್" ಮಾಡ್ಸೋದು ಏರಿಯಾದಲ್ಲಿ ಮಾಮೂಲಿ, ಅದು ಕಾನೂನಿಗೂ ವಿರುದ್ಧ, ಹುಡುಗನಿಗೆ ಏರಿಯಾದಲ್ಲಿ ಹೆಸರು ಮಾಡ್ಕೊಡತ್ತೆ ಅಷ್ಟೇ.

ಮಗು ನಿದ್ದೆ ಮಾಡ್ತಿಲ್ಲ, ಊಟ ಬಿಟ್ಟಿದೆ, "ಸತ್ತೋದ್ರೆ ವಾಸಿ" ಅನ್ನೋ ಮಾತು ಬಂದಿದೆ ಅಂದ್ರೆ ಅದನ್ನ ನಾಟಕ ಅಂದ್ಕೋಬೇಡಿ, ಅವತ್ತು ಒಬ್ಬರನ್ನೇ ಬಿಡ್ಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ. ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೇ ಅಂತ ಬೇರೆ ವಿಭಾಗ ಇದೆ.

ಎಲ್ಲ ಸರಿಹೋಯ್ತು ಅಂದ್ಮೇಲೂ ನೋಟ್‌ಬುಕ್ ಬಿಸಾಕ್ಬೇಡಿ. ನಲ್ಲಿ ಹತ್ರ ಟೀಚರ್ ನಿಂತ್ರೆ ಕಾಟ ಮೆಟ್ಟಿಲ ಹತ್ರ ಹೋಗತ್ತೆ, ಅಲ್ಲೂ ನಿಂತ್ರೆ ಟ್ಯೂಷನ್ ದಾರಿಗೆ. ದಸರಾ ರಜ, ಬೇಸಿಗೆ ರಜ ಬಂದಾಗ ಸ್ಕೂಲಿನ ಕಣ್ಣು ಪೂರ್ತಿ ಇರಲ್ಲ, ಇಡೀ ದಿನ ರೋಡೇ, ಆವಾಗ ನಿಲ್ಲೋ ಜಾಗದೋರಿಗೆ ಇನ್ನೊಂದ್ಸಲ ಹೇಳಿಟ್ಟು ಬನ್ನಿ. ಸ್ಕೂಲ್ ಮತ್ತೆ ಶುರುವಾಗಿ ಹೊಸ ಕ್ಲಾಸ್ ಟೀಚರ್ ಬಂದ್ರೆ ಹಳೇ ಪತ್ರದ ಸೀಲ್ ಹಾಕಿದ ಪ್ರತಿಯ ಜೆರಾಕ್ಸ್ ಒಂದನ್ನ ಮೊದಲ ವಾರದಲ್ಲೇ ಅವರಿಗೆ ಕೊಟ್ಟುಬಿಡಿ.